ಅಭಿಪ್ರಾಯ ಬೇಡ, ನಡೆದದ್ದು ಹೇಳಿ: ಗ್ರಾಹಕರ ಕತೆ ಕೇಳಿ ಸೇವೆ ತಿದ್ದುವ ಬಗೆ

"ಸರ್ವೆ ಮಾಡಿಸಿದ್ವಿ, ಐದಕ್ಕೆ ನಾಲ್ಕೂವರೆ ಸ್ಟಾರ್ ಬಂದಿದೆ. ಆದ್ರೂ ಜನ ಎರಡನೇ ಸಲ ಬರ್ತಿಲ್ಲ, ಯಾಕೆ?" ಆ್ಯಪ್ ಮಾಡುವವರು ಕೇಳುತ್ತಾರೆ, ಕ್ಲಿನಿಕ್ ನಡೆಸುವವರು ಕೇಳುತ್ತಾರೆ, ರಿಪೇರಿ ಸೇವೆ ಕೊಡುವವರು ಕೇಳುತ್ತಾರೆ. ಮಾತು ಬೇರೆ, ಪ್ರಶ್ನೆ ಅದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿ, ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ದಾರಿ ಸ್ಟೋರಿಟೆಲಿಂಗ್, ಅಂದರೆ ಕತೆ ಹೇಳುವುದು. ಹಾಗೆಂದ ಕೂಡಲೇ ನಿಮಗೆ ಜಾಹೀರಾತು ನೆನಪಾಗಬಹುದು: ಕಂಪನಿ ಹುಟ್ಟಿದ ಕತೆ, ಕಣ್ಣಲ್ಲಿ ನೀರು ತರಿಸುವ ವಿಡಿಯೊ. ಅದರ ಸುದ್ದಿ ಇಲ್ಲಿಲ್ಲ. ಇಲ್ಲಿ ಕತೆ ಹೇಳುವವರು ಗ್ರಾಹಕರು, ಕೂತು ಕೇಳುವವರು ನೀವು. ನಿಮ್ಮ ಸರದಿ ಕೊನೆಗೆ ಬರುತ್ತದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಮಾತಾಡಲು ಒಪ್ಪುವ ಆರೆಂಟು ಗ್ರಾಹಕರು, ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ, ರೆಕಾರ್ಡ್ ಮಾಡಲು ಒಂದು ಫೋನು, ನೋಟ್‌ಬುಕ್ಕು, ಅಂಟಿಸುವ ಚೀಟಿಗಳ ಒಂದು ಕಟ್ಟು, ಖಾಲಿ ಗೋಡೆ. ಜೊತೆಗೆ ಇನ್ನೊಬ್ಬರು ಇರಲೇಬೇಕು; ಒಬ್ಬರು ಕೇಳಿದರೆ ಇನ್ನೊಬ್ಬರು ಬರೆದುಕೊಳ್ಳಬೇಕು. ಎರಡನ್ನೂ ಒಬ್ಬರೇ ಮಾಡಹೊರಟರೆ ಎರಡೂ ಕೆಡುತ್ತವೆ. ಸಮಯ ಎರಡು ವಾರ ಇಟ್ಟುಕೊಳ್ಳಿ.

ಉದಾಹರಣೆಗೆ ಕೊನೆಯವರೆಗೂ ಒಂದೇ ಸೇವೆಯನ್ನು ಹಿಡಿದುಕೊಳ್ಳೋಣ: ಮನೆಗೆ ಬಂದು ವಾಷಿಂಗ್ ಮಷೀನ್ ರಿಪೇರಿ ಮಾಡಿಕೊಡುವ ಸೇವೆ. ನಿಮ್ಮದು ಬೇರೆ ಇದ್ದರೆ ಆ ಜಾಗದಲ್ಲಿ ಅದನ್ನು ಇಟ್ಟುಕೊಂಡು ಓದಿ.

1. ಮೊದಲು ಪ್ರಶ್ನೆಗೆ ಎರಡು ತುದಿ ಕೊಡಿ

"ಗ್ರಾಹಕರನ್ನು ಅರ್ಥ ಮಾಡಿಕೊಳ್ಳಬೇಕು" ಎಂದು ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ. ಕತೆಗೆ ಶುರು ಬೇಕು, ಕೊನೆ ಬೇಕು. ನಮ್ಮ ಉದಾಹರಣೆಯಲ್ಲಿ ಪ್ರಶ್ನೆ ಹೀಗಿರಲಿ: ಮಷೀನ್ ನಿಂತುಹೋದ ಹೊತ್ತಿನಿಂದ ಮತ್ತೆ ಅದರಲ್ಲಿ ಬಟ್ಟೆ ಹಾಕುವ ತನಕ ಏನೇನಾಯಿತು?

ಇಲ್ಲಿ ಎರಡು ತುದಿಯೂ ನಿಮ್ಮ ಕಂಪನಿಯ ಹೊರಗಿವೆ, ಗಮನಿಸಿ. ಹೆಚ್ಚಿನವರು ಎಡವುವುದು ಇಲ್ಲೇ. "ನಮ್ಮ ಆ್ಯಪ್ ತೆರೆದಾಗಿನಿಂದ ಬಿಲ್ ಕಟ್ಟುವ ತನಕ" ಎಂದು ಗೆರೆ ಎಳೆದುಬಿಡುತ್ತಾರೆ. ಗ್ರಾಹಕರ ಕತೆ ಆ್ಯಪ್‌ಗಿಂತ ಎಷ್ಟೋ ಮೊದಲೇ, ನೆಲದ ಮೇಲೆ ನೀರು ನಿಂತಾಗಲೇ ಶುರುವಾಗಿರುತ್ತದೆ.

2. ಯಾರನ್ನು ಮಾತಾಡಿಸಬೇಕು

ಕಳೆದ ಒಂದು ತಿಂಗಳಲ್ಲಿ ಸೇವೆ ಪಡೆದವರನ್ನು ಹುಡುಕಿ. ಅದಕ್ಕಿಂತ ಹಳೆಯದಾದರೆ ನಡೆದದ್ದು ಕರಗಿ ಬರೀ ಅನಿಸಿಕೆ ಉಳಿದಿರುತ್ತದೆ. ಮೂರು ಬಗೆಯವರೂ ಇರಲಿ: ಮತ್ತೆ ಮತ್ತೆ ಬರುವವರು, ಒಂದು ಸಲ ಬಂದು ಬಿಟ್ಟುಹೋದವರು, ಬುಕಿಂಗ್ ಅರ್ಧಕ್ಕೇ ನಿಲ್ಲಿಸಿದವರು. ಎರಡನೆಯ, ಮೂರನೆಯ ಗುಂಪಿನವರು ಸುಲಭಕ್ಕೆ ಸಿಗುವುದಿಲ್ಲ. ಆದರೆ ಹೇಳಬೇಕಾದದ್ದು ಇರುವುದು ಅವರ ಹತ್ತಿರವೇ. ಫೋನ್ ಮಾಡಿದಾಗ ಮೊದಲ ವಾಕ್ಯದಲ್ಲೇ "ಏನನ್ನೂ ಮಾರಲು ಕರೆ ಮಾಡಿಲ್ಲ" ಎಂದುಬಿಡಿ. ಅವರ ಸಮಯಕ್ಕೆ ಸಣ್ಣದೊಂದು ಸಂಭಾವನೆ ಕೊಡಿ. ಸ್ನೇಹಿತರು, ಸಿಬ್ಬಂದಿಯ ನೆಂಟರು ಬೇಡವೇ ಬೇಡ. ಅವರು ನಿಮ್ಮ ಮುಖ ನೋಡಿ ಮಾತಾಡುತ್ತಾರೆ.

"ಐದು ಜನ ಸಾಕಂತಲ್ಲ?" ಎಂದು ಕೇಳುವವರಿದ್ದಾರೆ. ಐದು ಜನರಿಂದ ಸುಮಾರು 85% ತೊಡಕುಗಳು ಸಿಗುತ್ತವೆ ಎಂದು ಜೇಕಬ್ ನೀಲ್ಸನ್ 2000ರಲ್ಲಿ ಬರೆದದ್ದು ಯೂಸಬಿಲಿಟಿ ಟೆಸ್ಟ್ ಬಗ್ಗೆ, ಅಂದರೆ ಪರದೆಯ ಮೇಲೆ ಜನ ಎಲ್ಲಿ ತಡವರಿಸುತ್ತಾರೆ ಎಂದು ನೋಡುವ ಪರೀಕ್ಷೆಯ ಬಗ್ಗೆ. ಕತೆ ಕೇಳುವ ಕೆಲಸಕ್ಕೆ ಆ ಲೆಕ್ಕ ಒಗ್ಗುವುದಿಲ್ಲ. ನಾನು ಅನುಸರಿಸುವುದು ಇಷ್ಟು: ಸಾಲಾಗಿ ಇಬ್ಬರು ಹೊಸದೇನನ್ನೂ ಹೇಳದಿದ್ದರೆ ಅಲ್ಲಿಗೆ ನಿಲ್ಲಿಸಬಹುದು.

3. ಒಂದೇ ಒಂದು ದಿನದ ಕತೆ ಕೇಳಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಉಳಿದವು ಅಷ್ಟಿಷ್ಟು ಏರುಪೇರಾದರೂ ನಡೆಯುತ್ತದೆ, ಇಲ್ಲಿ ತಪ್ಪಿದರೆ ಕೈಗೆ ಏನೂ ಹತ್ತುವುದಿಲ್ಲ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಜಾನ್ ಫ್ಲಾನಗನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಸೇನಾ ವಾಯುದಳಕ್ಕೆ ಕೆಲಸ ಮಾಡುತ್ತಿದ್ದರು. ತರಬೇತಿಯಲ್ಲಿ ಫೇಲಾದ ಪೈಲಟ್‌ಗಳ ವರದಿಗಳಲ್ಲಿ ಇದ್ದದ್ದು "ವಿವೇಚನೆ ಸಾಲದು" ಎಂಬಂಥ ಮಾತುಗಳು. ಅವನ್ನು ಓದಿ ಯಾರೂ ಏನನ್ನೂ ತಿದ್ದುವಂತಿರಲಿಲ್ಲ. ಹಾಗಾಗಿ ಅವರ ತಂಡ ಅಭಿಪ್ರಾಯ ಬಿಟ್ಟು, ನಿರ್ದಿಷ್ಟ ಘಟನೆಗಳನ್ನು ಕೇಳತೊಡಗಿತು: ಎಲ್ಲಿ, ಯಾವಾಗ, ಯಾರು ಏನು ಮಾಡಿದರು. 1954ರಲ್ಲಿ ಫ್ಲಾನಗನ್ ಇದನ್ನು 'ನಿರ್ಣಾಯಕ ಘಟನಾ ವಿಧಾನ' ಎಂದು ಬರೆದು ಪ್ರಕಟಿಸಿದರು. ನಾವು ಮಾಡಹೊರಟಿರುವುದೂ ಅದನ್ನೇ.

ಹೀಗೊಂದು ಮಾತುಕತೆ ಅಂದುಕೊಳ್ಳಿ:

"ನಮ್ಮ ಸರ್ವಿಸ್ ಹೇಗಿತ್ತು ಮೇಡಂ?"

"ಚೆನ್ನಾಗಿತ್ತು ಸರ್. ಬಂದ ಹುಡುಗ ಒಳ್ಳೆಯವನು, ನೀಟಾಗಿ ಮಾಡಿಕೊಟ್ಟ."

ಇಲ್ಲಿಗೆ ನಿಲ್ಲಿಸಿದರೆ ಸಿಗುವುದು ಐದು ಸ್ಟಾರ್. ಮುಂದುವರಿಸೋಣ.

"ಅವತ್ತು ಬೆಳಗ್ಗೆಯಿಂದ ಹೇಳ್ತೀರಾ? ಎದ್ದಾಗಿಂದ ಏನೇನಾಯ್ತು?"

"ಹತ್ತರಿಂದ ಆರರ ಒಳಗೆ ಬರ್ತಾರೆ ಅಂತ ಮೆಸೇಜ್ ಬಂದಿತ್ತು. ಆಫೀಸಿಗೆ ರಜೆ ಹಾಕ್ದೆ."

"ಆಮೇಲೆ?"

"ಆಮೇಲೇನು, ಕಾಯ್ತಾ ಕೂತೆ. ಸ್ನಾನಕ್ಕೂ ಹೋಗ್ಲಿಲ್ಲ."

"ಸ್ನಾನಕ್ಕೂ?"

"ಒಳಗಿದ್ರೆ ಬೆಲ್ ಕೇಳ್ಸಲ್ವಲ್ಲ ಸರ್. ಹಿಂದೊಂದ್ಸಲ ಹಾಗೇ ಆಗಿತ್ತು, ಬಾಗಿಲು ತೆಗೀಲಿಲ್ಲ ಅಂತ ವಾಪಸ್ ಹೋಗ್ಬಿಟ್ಟಿದ್ರು. ಅದಕ್ಕೇ ಅವತ್ತು ಫೋನ್ ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ. ನಾಲ್ಕೂವರೆಗೆ ಬಂದ. ಇಪ್ಪತ್ತೇ ನಿಮಿಷದ ಕೆಲಸ."

ನಾಲ್ಕೂವರೆ ಸ್ಟಾರಿನ ಒಗಟು ಒಡೆದದ್ದು "ಸ್ನಾನಕ್ಕೂ?" ಎಂಬ ಒಂದೇ ಮಾತಿನಲ್ಲಿ. ಕೇಳಿದವರು ಹೊಸ ಪ್ರಶ್ನೆ ಹಾಕಲಿಲ್ಲ, ಅವರ ಮಾತಿನದೇ ಬಾಲ ಹಿಡಿದು ಹಿಂತಿರುಗಿಸಿದರು. ಸ್ಟಾರ್ ಕೊಟ್ಟದ್ದು ಆ ಹುಡುಗನ ಇಪ್ಪತ್ತು ನಿಮಿಷಕ್ಕೆ. ಅವರು ಮತ್ತೆ ಕರೆಯದೆ ಇರುವುದು ಅದಕ್ಕೆ ಮುಂಚಿನ ಆರೂವರೆ ಗಂಟೆಗೆ. ನಿಮ್ಮ ಫಾರ್ಮಿನಲ್ಲಿ ಆ ಆರೂವರೆ ಗಂಟೆಗೆ ಕಾಲಂ ಇರಲಿಲ್ಲ, ಅಷ್ಟೆ.

ಕೈಯಲ್ಲಿ ಇಟ್ಟುಕೊಳ್ಳಬಹುದಾದ ಕೆಲವು ಪ್ರಶ್ನೆಗಳು:

- "ಕೊನೇ ಸಲ ಹೀಗಾದದ್ದು ಯಾವಾಗ? ಆ ದಿನದ್ದೇ ಹೇಳಿ."
- "ಆಮೇಲೆ?" (ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಇನ್ನೂ ಸಿಕ್ಕಿಲ್ಲ.)
- "ಆಗ ಜೊತೆಗೆ ಯಾರಿದ್ದರು? ಅವರಿಗೆ ಏನು ಹೇಳಿದಿರಿ?"
- "ನಮ್ಮನ್ನು ಕರೆಯುವ ಮುಂಚೆ ಬೇರೇನು ಮಾಡಿ ನೋಡಿದಿರಿ?"
- "ಆ ಮೆಸೇಜ್ ಇನ್ನೂ ಇದ್ದರೆ ತೋರಿಸ್ತೀರಾ?"

ಕೊನೆಯದನ್ನು ಮರೆಯಬೇಡಿ. ಮೆಸೇಜು, ಬಿಲ್ಲು, ಸ್ಕ್ರೀನ್‌ಶಾಟ್ ಕಣ್ಣಿಗೆ ಬಿದ್ದರೆ ಮರೆತುಹೋದದ್ದೂ ನೆನಪಾಗುತ್ತದೆ.

ಈಗ ಈ ಹಂತದಲ್ಲಿ ಎಡವಿ ಬೀಳಬಹುದಾದ ಗುಂಡಿಗಳು.

"ಯಾಕೆ" ಎಂದು ಮೇಲಿಂದ ಮೇಲೆ ಕೇಳಬೇಡಿ. 1977ರಲ್ಲಿ ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ ಒಂದು ಪ್ರಯೋಗದ ಬಗ್ಗೆ ಬರೆದರು. ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟು, ಯಾವುದು ಚೆನ್ನಾಗಿದೆ ಎಂದು ಕೇಳಿದರು. ನಾಲ್ಕೂ ಒಂದೇ. ಆದರೂ ತೀರಾ ಬಲಗಡೆಯದನ್ನು ಆರಿಸಿದವರು ತೀರಾ ಎಡಗಡೆಯದಕ್ಕಿಂತ ಸುಮಾರು ನಾಲ್ಕು ಪಟ್ಟು. ಕಾರಣ ಕೇಳಿದರೆ ಇಟ್ಟ ಜಾಗದ ಮಾತನ್ನು ಒಬ್ಬರೂ ಎತ್ತಲಿಲ್ಲ. ಜನ ಸುಳ್ಳು ಹೇಳುತ್ತಾರೆ ಎಂದಲ್ಲ. ಕಾರಣ ಕೇಳಿದರೆ ಒಂದು ಕಾರಣ ಹುಟ್ಟಿಸಿ ಕೊಡುತ್ತಾರೆ. ನಡೆದದ್ದನ್ನು ಕೇಳಿ, ಕಾರಣವನ್ನು ಆಮೇಲೆ ನೀವೇ ಹುಡುಕಿಕೊಳ್ಳಿ.

ನಿಮ್ಮ ಪದಗಳನ್ನು ಅವರ ಬಾಯಿಗೆ ತುರುಕಬೇಡಿ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಫಿಲ್ಮ್ ತುಣುಕು ತೋರಿಸಿ ವೇಗ ಅಂದಾಜಿಸಲು ಕೇಳಿದರು. ಪ್ರಶ್ನೆಯಲ್ಲಿ "ಅಪ್ಪಳಿಸಿದಾಗ" ಎಂಬ ಪದ ಸಿಕ್ಕವರು ಹೇಳಿದ ಸರಾಸರಿ ಗಂಟೆಗೆ 40 ಮೈಲಿಗೂ ಹೆಚ್ಚು, "ತಾಕಿದಾಗ" ಎಂಬುದು ಸಿಕ್ಕವರದು 31.8. ಫಿಲ್ಮ್ ಅದೇ, ಬದಲಾದದ್ದು ಒಂದು ಕ್ರಿಯಾಪದ. "ಕಾದು ಕಾದು ಬೇಜಾರಾಗಿರಬೇಕಲ್ವಾ?" ಎಂದು ನೀವು ಕೇಳಿದರೆ ಬೇಜಾರು ನಿಮ್ಮದೇ, ಅವರದಲ್ಲ.

"ಇಂಥದ್ದೊಂದು ಸೌಲಭ್ಯ ಕೊಟ್ಟರೆ ಬಳಸ್ತೀರಾ?" ಎಂಬ ಪ್ರಶ್ನೆಗೆ ಬರುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಬಿಡಿ. "ಸಾಮಾನ್ಯವಾಗಿ", "ಯಾವಾಗಲೂ" ಎಂಬ ಮಾತು ಬಂದರೆ ಕತೆ ನಿಂತು ಅಭಿಪ್ರಾಯ ಶುರುವಾಗಿದೆ ಎಂದು ತಿಳಿದು, ಮೆಲ್ಲಗೆ ಆ ದಿನಕ್ಕೆ ಎಳೆತನ್ನಿ.

ಮತ್ತೊಂದು, ನಾನೇ ಬಿದ್ದ ಗುಂಡಿ. ಬಟನ್ ಸಿಗಲೇ ಇಲ್ಲ ಎಂದ ಗ್ರಾಹಕರೊಬ್ಬರಿಗೆ "ಅದು ಮೇಲ್ಗಡೆ ಬಲಮೂಲೆಯಲ್ಲಿದೆ ನೋಡಿ" ಎಂದುಬಿಟ್ಟೆ. ಉಳಿದ ಅರ್ಧ ಗಂಟೆ ಅವರು ನಮ್ಮನ್ನು ಹೊಗಳಿದ್ದೇ ಹೊಗಳಿದ್ದು. ಸಮರ್ಥನೆಗೆ ಇಳಿದಿರೋ, ಅಲ್ಲಿಗೆ ಸಂದರ್ಶನ ಮುಗಿಯಿತು. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಹತ್ತು ಎಣಿಸುವುದರೊಳಗೆ ಅವರೇ ಮಾತು ಮುಂದುವರಿಸುತ್ತಾರೆ.

4. ಅದೇ ದಿನ ಬರೆದಿಡಿ

ರೆಕಾರ್ಡಿಂಗ್ ಇದೆಯಲ್ಲ ಎಂದು ಮುಂದಕ್ಕೆ ಹಾಕಬೇಡಿ. ಕೇಳಿದ ಕತೆಯನ್ನು ನಾವು ನಮಗೆ ಒಗ್ಗುವ ಹಾಗೆ ತಿದ್ದಿಕೊಂಡು ನೆನಪಿಡುತ್ತೇವೆ ಎಂದು ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ತೋರಿಸಿದ್ದರು: ಅಪರಿಚಿತವಾದ ವಿವರ ಉದುರುತ್ತದೆ, ಉಳಿದದ್ದು ನಮ್ಮ ಲೋಕಕ್ಕೆ ಹೊಂದಿಕೊಳ್ಳುತ್ತದೆ. ಮೊದಲು ಉದುರುವುದು 'ಸ್ನಾನ'ದಂಥ ವಿವರವೇ.

ಪ್ರತಿ ಕತೆಯೂ ಅರ್ಧ ಪುಟ ಮೀರದಿರಲಿ. ಯಾರು ಯಾವ ಸ್ಥಿತಿಯಲ್ಲಿದ್ದರು, ಏನು ಆಗಬೇಕಿತ್ತು, ಏನು ಮಾಡಿದರು, ಎಲ್ಲಿ ಸಿಕ್ಕಿಬಿದ್ದರು, ಕೊನೆಗೆ ಹೇಗೆ ಪಾರಾದರು. ಅವರ ಒಂದೆರಡು ಮಾತು ಆಡಿದ ಹಾಗೇ ಇರಲಿ. "ಗ್ರಾಹಕಿಗೆ ಸಮಯ ನಿರ್ವಹಣೆಯ ಸಮಸ್ಯೆ ಎದುರಾಯಿತು" ಎಂದು ಬರೆದರೆ ಕತೆಯ ಜೀವ ಹೋಯಿತು. "ಫೋನ್ ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ" ಎಂಬುದೇ ಇರಲಿ. ನೀವು ಊಹಿಸಿದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ.

5. ಗೋಡೆಗೆ ಅಂಟಿಸಿ

ಪ್ರತಿ ಘಟನೆಗೆ ಒಂದು ಚೀಟಿ. ಎಡದಿಂದ ಬಲಕ್ಕೆ ಕಾಲದ ಓಟ, ಒಬ್ಬೊಬ್ಬ ಗ್ರಾಹಕರಿಗೆ ಒಂದು ಸಾಲು. ಇದಕ್ಕೆ ಕಸ್ಟಮರ್ ಜರ್ನಿ ಮ್ಯಾಪ್ ಎನ್ನುತ್ತಾರೆ: ಗ್ರಾಹಕರು ನಡೆದ ದಾರಿಯ ನಕ್ಷೆ. ಎಲ್ಲ ಸಾಲುಗಳಲ್ಲೂ ಚೀಟಿ ಒತ್ತಾದ ಜಾಗವೂ ಮುಖ್ಯ, ಚೀಟಿಯೇ ಇಲ್ಲದ ಉದ್ದನೆಯ ಖಾಲಿ ಜಾಗವೂ ಮುಖ್ಯ. ಕಾಯುವಿಕೆ ಗೋಡೆಯ ಮೇಲೆ ಖಾಲಿಯಾಗಿಯೇ ಕಾಣುತ್ತದೆ. ಅಲ್ಲಿ ಗಂಟೆಗಳನ್ನು ಬರೆದು ಬೇರೆ ಬಣ್ಣದ ಚೀಟಿ ಹಚ್ಚಿ.

ಎಲ್ಲಿಂದ ತಿದ್ದಬೇಕು? ಜನ ಒಂದು ಅನುಭವವನ್ನು ಸರಾಸರಿ ತೆಗೆದು ನೆನಪಿಡುವುದಿಲ್ಲ. ಅತಿ ತೀವ್ರವಾದ ಗಳಿಗೆಯೂ ಕೊನೆಯೂ ಹೆಚ್ಚು ತೂಗುತ್ತವೆ. ಇದನ್ನು ತೋರಿಸಿದ ಪ್ರಯೋಗ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರದು, 1993ರದು. ಒಮ್ಮೆ 14 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಡಬೇಕು. ಇನ್ನೊಮ್ಮೆ ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30 ಸೆಕೆಂಡ್. ಆ ಮೂವತ್ತರಲ್ಲಿ ನೀರನ್ನು ನಿಧಾನಕ್ಕೆ 15 ಡಿಗ್ರಿಗೆ ಏರಿಸುತ್ತಾರೆ. ಮತ್ತೆ ಒಂದನ್ನು ಮಾಡಬೇಕೆಂದರೆ ಯಾವುದು? 32 ಜನರಲ್ಲಿ 22 ಮಂದಿ ಉದ್ದದ್ದನ್ನೇ ಆರಿಸಿದರು. ಒಟ್ಟು ನೋವು ಹೆಚ್ಚು, ಆದರೆ ಕೊನೆ ಸ್ವಲ್ಪ ಹಗುರ. ಹಾಗಾಗಿ ಗೋಡೆಯ ಮೇಲೆ ಅತಿ ಕೆಟ್ಟ ಗಳಿಗೆಯನ್ನೂ ಕೊನೆಯ ಚೀಟಿಯನ್ನೂ ಮೊದಲು ನೋಡಿ.

ಆದರೆ ಇದೇ ನಿಯಮ ಹಿಡಿದು "ಕೊನೆಗೊಂದು ಸಿಹಿ ಮೆಸೇಜ್ ಕಳಿಸಿದರಾಯಿತು" ಎನ್ನುವವರಿದ್ದಾರೆ. ಆ ಹೆಂಗಸಿನ ಒಂದು ದಿನದ ರಜೆ ಅದರಿಂದ ವಾಪಸ್ ಬರುವುದಿಲ್ಲ.

ಇನ್ನೊಂದು ಎಚ್ಚರ. ಮನುಷ್ಯನಿಗೆ ಏನು ತೋರಿಸಿದರೂ ಕತೆ ಕಟ್ಟುವ ಚಟ. 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮರಿಯಾನ್ ಸಿಮೆಲ್ ಎರಡು ತ್ರಿಕೋನ, ಒಂದು ವೃತ್ತ ಪರದೆಯ ಮೇಲೆ ಓಡಾಡುವ ಪುಟ್ಟ ಚಿತ್ರ ತೋರಿಸಿ ಏನಾಯಿತೆಂದು ಬರೆಯಲು ಹೇಳಿದರೆ, ನೋಡಿದವರಲ್ಲಿ ಬಹುತೇಕ ಎಲ್ಲರೂ ಜಗಳ, ಬೆದರಿಕೆ, ತಪ್ಪಿಸಿಕೊಳ್ಳುವಿಕೆಯ ಕತೆ ಬರೆದರು. ನೀವೂ ಆರು ಚೀಟಿ ನೋಡಿ ಒಂದು ಸೊಗಸಾದ ಕಾರಣ ಕಟ್ಟಿಬಿಡುತ್ತೀರಿ. ಹಾಗೆ ಕಟ್ಟಿದ ಕೂಡಲೇ ಅದನ್ನು ಒಡೆಯುವ ಒಂದು ಕತೆಯನ್ನು ಅದೇ ಗೋಡೆಯಲ್ಲಿ ಹುಡುಕಿ. ಕತೆ ಏನಾಯಿತೆಂದು ಹೇಳುತ್ತದೆ, ಎಷ್ಟು ಜನಕ್ಕೆ ಆಗಿದೆ ಎಂದು ಹೇಳುವುದಿಲ್ಲ. ಅದಕ್ಕೆ ನಿಮ್ಮ ಬುಕಿಂಗ್ ದಾಖಲೆಯನ್ನೇ ತೆಗೆದು, ಎಷ್ಟು ಜನರಿಗೆ ಎಂಟು ಗಂಟೆಯ ಅವಧಿ ಕೊಟ್ಟಿದ್ದೀರಿ, ಅವರಲ್ಲಿ ಎಷ್ಟು ಜನ ಮರಳಿ ಬಂದರು ಎಂದು ಎಣಿಸಿ.

ಪರ್ಸೋನಾ, ಅಂದರೆ ಹಲವು ಗ್ರಾಹಕರನ್ನು ಬೆರೆಸಿ ಮಾಡುವ ಮಾದರಿ ಪಾತ್ರ, ಬೇಕೇ ಬೇಕೇ ಎಂದು ಕೇಳುತ್ತೀರಿ. ಬೇಕಿದ್ದರೆ ಮಾಡಿ, ಆದರೆ ಗೋಡೆಯ ಮೇಲಿನ ಚೀಟಿಗಳಿಂದ. ಮೀಟಿಂಗ್ ರೂಮಿನಲ್ಲಿ ಕೂತು ಹೆಸರು, ವಯಸ್ಸು, ಹವ್ಯಾಸ ತುಂಬಿ ಮಾಡಿದ್ದು ಕಾಗಕ್ಕ ಗುಬ್ಬಕ್ಕನ ಕತೆ.

6. ಈಗ ನಿಮ್ಮ ಸರದಿ: ಹೊಸ ಕತೆ ಬರೆಯಿರಿ

ಅದೇ ಗ್ರಾಹಕಿ, ಅದೇ ಕೆಟ್ಟ ಮಷೀನು. ಆದರೆ ದಿನ ಬೇರೆ ರೀತಿ ಕಳೆಯಬೇಕು. ಸೌಲಭ್ಯಗಳ ಪಟ್ಟಿ ಮಾಡಬೇಡಿ, ದಿನವನ್ನು ಬರೆಯಿರಿ:

"ಹಿಂದಿನ ರಾತ್ರಿಯೇ ಎರಡು ಗಂಟೆಯ ಅವಧಿ ಗೊತ್ತಾಯಿತು: ಎರಡರಿಂದ ನಾಲ್ಕು. ಬೆಳಗ್ಗೆ ಆಫೀಸಿಗೆ ಹೋದಳು. ಒಂದೂಮುಕ್ಕಾಲಿಗೆ ಮೆಸೇಜ್ ಬಂತು: ನಿಮಗಿಂತ ಮುಂಚೆ ಇನ್ನೊಂದು ಮನೆ ಇದೆ, ಅಲ್ಲಿಂದ ಹೊರಟಾಗ ತಿಳಿಸುತ್ತೇವೆ. ಬಾಗಿಲು ತೆಗೆಯದಿದ್ದರೆ ಫೋನ್ ಮಾಡುತ್ತೇವೆ, ವಾಪಸ್ ಹೋಗುವುದಿಲ್ಲ."

ಕೊನೆಯ ವಾಕ್ಯ ಯಾವ ಸರ್ವೆಯಿಂದಲೂ ಬರುತ್ತಿರಲಿಲ್ಲ.

ಯಂತ್ರ ಬದಲಾಗದೆ ಅನುಭವ ಮಾತ್ರ ಬದಲಾಗಬಹುದೇ ಎಂದು ಅನುಮಾನ ಬಂದರೆ ಡಗ್ ಡೀಟ್ಜ್ ಅವರ ಕೆಲಸ ನೋಡಿ. ಜಿಇ ಕಂಪನಿಗೆ ಎಂಆರ್‌ಐ ಯಂತ್ರ ವಿನ್ಯಾಸ ಮಾಡುತ್ತಿದ್ದ ಅವರು, ತಮ್ಮದೇ ಯಂತ್ರದ ಕೋಣೆಗೆ ಹೆದರಿ ಅಳುತ್ತಾ ಬಂದ ಪುಟ್ಟ ಹುಡುಗಿಯನ್ನು ಆಸ್ಪತ್ರೆಯಲ್ಲಿ ನೋಡಿದರು. ಆಮೇಲೆ ಅವರ ತಂಡ ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯಲ್ಲಿ ಸ್ಕ್ಯಾನ್ ಕೋಣೆಯನ್ನೇ ಕಡಲುಗಳ್ಳರ ಹಡಗಾಗಿಸಿತು. ಗೋಡೆ, ನೆಲ, ಯಂತ್ರದ ಮೈಮೇಲೆಲ್ಲ ಚಿತ್ರ. ಯಂತ್ರ ನಡೆಸುವವರ ಬಾಯಲ್ಲಿ ಮಕ್ಕಳಿಗೆ ಹೇಳಲು ಕತೆ. ಇನ್ನೊಂದು ಕೋಣೆಯಲ್ಲಿ ಮಲಗುವ ಹಲಗೆಯೇ ದೋಣಿ: ಅಲ್ಲಾಡದೆ ಮಲಗಿದರೆ ಮೀನು ಮೇಲಿಂದ ಹಾರುತ್ತವೆ. ಯಂತ್ರದ ಒಳಗಿನ ತಂತ್ರಜ್ಞಾನ ಅದೇ. ಅಲ್ಲಾಡದಂತೆ ಮಲಗಿಸಲು ಮಂಪರು ಔಷಧ ಬೇಕಾಗುವ ಮಕ್ಕಳ ಸಂಖ್ಯೆ ಗಣನೀಯವಾಗಿ ಇಳಿಯಿತು.

ಹೊಸ ಕತೆ ಬರೆದ ಮೇಲೆ ಅದರ ಕೆಳಗೆ ಒಂದು ಗೆರೆ ಎಳೆಯಿರಿ. ಗೆರೆಯ ಮೇಲೆ ಗ್ರಾಹಕರಿಗೆ ಕಾಣುವುದು, ಕೆಳಗೆ ಅದು ಆಗಲು ಒಳಗಡೆ ಯಾರು ಏನು ಮಾಡಬೇಕು ಎಂಬುದು. ಇದು ಸರ್ವಿಸ್ ಬ್ಲೂಪ್ರಿಂಟ್, ಸೇವೆಯ ನೀಲನಕ್ಷೆ. ಲಿನ್ ಶೋಸ್ಟಾಕ್ 1980ರ ದಶಕದ ಮೊದಲರ್ಧದಲ್ಲಿ ರೂಪಿಸಿದ್ದು. "ಅಲ್ಲಿಂದ ಹೊರಟಾಗ ತಿಳಿಸುತ್ತೇವೆ" ಎಂಬ ಒಂದು ವಾಕ್ಯದ ಕೆಳಗೆ ಎಷ್ಟು ಕೆಲಸ ಇದೆ ನೋಡಿ: ಮೆಕ್ಯಾನಿಕ್ ಒಂದು ಮನೆ ಮುಗಿಸಿದ ಕೂಡಲೇ ಬಟನ್ ಒತ್ತಬೇಕು, ಆ ದಿನದ ಪಟ್ಟಿ ಆಗಲೇ ಬದಲಾಗಬೇಕು, ಕಾಲ್ ಸೆಂಟರಿನವರಿಗೂ ಅದೇ ಪಟ್ಟಿ ಕಾಣಬೇಕು. ಇಲ್ಲವಾದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ಈ ಗೆರೆ ಎಳೆಯದ ಹೊಸ ಕತೆಗಳು ಪ್ರೆಸೆಂಟೇಶನ್‌ನಲ್ಲೇ ಉಳಿದುಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ.

7. ಕೋಡ್ ಬರೆಯುವ ಮುಂಚೆ ಆಡಿ ನೋಡಿ

ಹೊಸ ಕತೆಯನ್ನು ತಂಡದವರೇ ನಾಟಕದಂತೆ ಆಡಿ: ಒಬ್ಬರು ಗ್ರಾಹಕಿ, ಒಬ್ಬರು ಮೆಕ್ಯಾನಿಕ್, ಒಬ್ಬರು ಕಾಲ್ ಸೆಂಟರ್. ಮೆಸೇಜ್‌ಗಳನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡಿ. ನಾಚಿಕೆ ಎನಿಸುತ್ತದೆ, ಮೊದಲ ಐದು ನಿಮಿಷ ಎಲ್ಲರೂ ನಗುತ್ತಾರೆ, ಪರವಾಗಿಲ್ಲ. ಬೇಕೆಂದೇ ಕೆಡಿಸಿ: ಮೆಕ್ಯಾನಿಕ್‌ನ ಫೋನ್ ಬ್ಯಾಟರಿ ಮುಗಿದಿದೆ, ಗ್ರಾಹಕಿಗೆ ಮೆಸೇಜ್ ಹೋಗಿಲ್ಲ, ಬಿಡಿಭಾಗ ಸ್ಟಾಕ್‌ನಲ್ಲಿಲ್ಲ. ಆಮೇಲೆ ನಾಲ್ಕೈದು ನಿಜವಾದ ಬುಕಿಂಗ್‌ಗಳಲ್ಲಿ, ಆ್ಯಪ್ ಮುಟ್ಟದೆ, ಒಬ್ಬರು ಕೂತು ಕೈಯಾರೆ ಮೆಸೇಜ್ ಕಳಿಸಿ ನೋಡಿ. ಅಲ್ಲಿ ನಿಲ್ಲದ ಕತೆ ಕೋಡ್ ಬರೆದ ಮೇಲೂ ನಿಲ್ಲುವುದಿಲ್ಲ.

8. ಒಳಗಿನವರಿಗೆ ಹೇಳುವಾಗ

ಮೇಲಿನವರಿಗೆ ಮೊದಲು ಗ್ರಾಫ್ ತೋರಿಸಬೇಡಿ. ಒಂದು ಕತೆ, ಅದರ ಹಿಂದೆಯೇ ಒಂದು ಸಂಖ್ಯೆ: ಇಂಥ ದಿನ ಎಷ್ಟು ಜನರದು. ಎರಡರಲ್ಲಿ ಒಂದೇ ಇದ್ದರೆ "ಒಬ್ಬರ ಗೋಳು ಕಟ್ಟಿಕೊಂಡು ಏನು ಮಾಡೋದು" ಎಂದೋ, "ನೋಡೋಣ" ಎಂದೋ ಮುಗಿಯುತ್ತದೆ.

ರೆಕಾರ್ಡ್ ಮಾಡಲು, ಮಾತನ್ನು ತಂಡದಲ್ಲಿ ಹಂಚಿಕೊಳ್ಳಲು ಸಂದರ್ಶನಕ್ಕೆ ಮುಂಚೆಯೇ ಒಪ್ಪಿಗೆ ಪಡೆದಿರಬೇಕು. ಹೆಸರು, ನಂಬರು, ವಿಳಾಸ ತೆಗೆದುಹಾಕಿ. ಹೆಸರು ತೆಗೆದರೂ ಯಾರೆಂದು ಗೊತ್ತಾಗುವಂಥ ವಿವರವಿದ್ದರೆ ಅದನ್ನೂ ತೆಗೆಯಿರಿ. ಕೆಲಸ ಮುಗಿದ ಮೇಲೆ ಆಡಿಯೊ ಅಳಿಸಿ. ಬಂದ ಹುಡುಗನ ಮೇಲೆ ಕ್ರಮ ಕೈಗೊಳ್ಳಲು ಈ ಕತೆಗಳನ್ನು ಬಳಸಿದಿರೋ, ಮುಂದಿನ ಸಲ ನಿಮ್ಮ ಸಿಬ್ಬಂದಿ ಯಾವ ಗ್ರಾಹಕರನ್ನೂ ನಿಮ್ಮ ಹತ್ತಿರ ಬಿಡುವುದಿಲ್ಲ.

ಹೊಸ ವ್ಯವಸ್ಥೆ ನಡೆದು ಒಂದು ತಿಂಗಳಾದ ಮೇಲೆ, ಆ ತಿಂಗಳು ಬುಕ್ ಮಾಡಿದವರಲ್ಲಿ ಮೂವರಿಗೆ ಫೋನ್ ಮಾಡಿ. ಬದಲಾವಣೆ ಇಷ್ಟವಾಯಿತೇ ಎಂದು ಕೇಳಲು ನಾಲಿಗೆ ತುರಿಸುತ್ತದೆ, ತಡೆದುಕೊಳ್ಳಿ. "ಅವತ್ತು ಬೆಳಗ್ಗೆಯಿಂದ ಹೇಳ್ತೀರಾ?" ಎಂದು ಶುರುಮಾಡಿ, ಪೆನ್ನು ಕೈಗೆ ತೆಗೆದುಕೊಳ್ಳಿ.